ಮನೆಯಂಗಳದಲ್ಲೇ ಕಾರಿನ ಎಂಜಿನ್ ಆಯಿಲ್ ಬದಲಿಸುವುದು ಹೇಗೆ

ಎಂಜಿನ್ ಆಯಿಲ್ ಬದಲಿಸುವುದರಲ್ಲಿ ಕಷ್ಟದ ಕೆಲಸ ಯಾವುದೂ ಇಲ್ಲ. ಒಂದು ಬೋಲ್ಟ್ ಬಿಚ್ಚಬೇಕು, ಒಂದು ಫಿಲ್ಟರ್ ತೆಗೆಯಬೇಕು, ಎರಡನ್ನೂ ಮತ್ತೆ ಕೂರಿಸಿ ಹೊಸ ಆಯಿಲ್ ಸುರಿಯಬೇಕು. ಆದರೂ ಈ ಕೆಲಸ ಕೆಡಿಸಿಕೊಂಡವರ ಕಾರುಗಳು ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಅತಿ ಮಾಡಲು ಹೋಗಿ ಕೆಟ್ಟವು: ಬೋಲ್ಟನ್ನು ಅತಿಯಾಗಿ ಬಿಗಿದು ಥ್ರೆಡ್ ಕಿತ್ತದ್ದು, ಆಯಿಲ್ ಅತಿಯಾಗಿ ತುಂಬಿದ್ದು, ‘ದಪ್ಪ ಇದ್ದರೆ ಒಳ್ಳೆಯದು’ ಎಂದು ಬೇರೆ ಗ್ರೇಡ್ ಹಾಕಿದ್ದು. ಕೆಳಗಿನ ವಿವರಗಳು ಮುಖ್ಯವಾಗಿ ಸ್ವಿಫ್ಟ್, ವ್ಯಾಗನ್ ಆರ್, ಐ10 ತರಹದ ಸಣ್ಣ ಪೆಟ್ರೋಲ್ ಕಾರುಗಳಿಗೆ ಸಂಬಂಧಿಸಿದವು. ಡೀಸೆಲ್‌ನಲ್ಲಿ ವ್ಯತ್ಯಾಸ ಇರುವ ಕಡೆ ಅದನ್ನೂ ಹೇಳಿದೆ.

ಕಾರು ಇನ್ನೂ ವಾರಂಟಿಯಲ್ಲಿದ್ದರೆ ಸದ್ಯಕ್ಕೆ ಈ ಕೆಲಸಕ್ಕೆ ಕೈ ಹಾಕಬೇಡಿ. ನಾಳೆ ಎಂಜಿನ್‌ನಲ್ಲಿ ಏನಾದರೂ ದೋಷ ಬಂದರೆ ಕಂಪನಿಯವರು ಮೊದಲು ಕೇಳುವುದು ಅಧಿಕೃತ ಸರ್ವಿಸ್‌ನ ದಾಖಲೆ. ವಾರಂಟಿ ಮುಗಿದ ಕಾರಿಗೆ ಮನೆಯ ಸರ್ವಿಸ್ ಲಾಭದ್ದೇ. ಆದರೆ ಆಯಿಲ್, ಫಿಲ್ಟರ್ ಕೊಂಡ ಬಿಲ್‌ಗಳ ಮೇಲೆ ದಿನಾಂಕ ಮತ್ತು ಕಿಲೋಮೀಟರ್ ಬರೆದು ಇಟ್ಟುಕೊಳ್ಳಿ. ಕಾರು ಮಾರುವಾಗ ಅವಕ್ಕೆ ಬೆಲೆ ಬರುತ್ತದೆ.

ಯಾವ ಆಯಿಲ್, ಎಷ್ಟು

ಉತ್ತರ ಇರುವುದು ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿಯಲ್ಲಿ. ಅಲ್ಲಿ ಎರಡು ವಿಷಯ ನೋಡಿ: ಗ್ರೇಡ್, ಅಂದರೆ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ತರಹದ ಸಂಖ್ಯೆ; ಮತ್ತು ಗುಣಮಟ್ಟ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ಎಸ್‌ಎನ್, ಎಸ್‌ಪಿ ತರಹದ ಅಕ್ಷರ. ಎಪಿಐ ಎಸ್‌ಪಿ 2020ರ ಮೇ ತಿಂಗಳಲ್ಲಿ ಬಂದ ದರ್ಜೆ. ಹಳೆಯ ಎಸ್‌ಎನ್ ಕೇಳುವ ಎಂಜಿನ್‌ಗೆ ಅದೇ ಗ್ರೇಡಿನ ಎಸ್‌ಪಿ ಹಾಕಬಹುದು, ಎಸ್‌ಪಿ ಕೇಳುವ ಎಂಜಿನ್‌ಗೆ ಎಸ್‌ಎನ್ ಹಾಕಬಾರದು.

ಗ್ರೇಡ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. 0ಡಬ್ಲ್ಯೂ-20 ಡಬ್ಬ ತೆರೆದು ಸುರಿದಾಗ ‘ಇದೇನು ನೀರಿನ ಹಾಗಿದೆ’ ಅನಿಸುತ್ತದೆ. ಅಂಗಡಿಯವರೂ ಕೆಲವೊಮ್ಮೆ ‘ನಮ್ಮ ಬಿಸಿಲಿಗೆ 20ಡಬ್ಲ್ಯೂ-40 ಹಾಕಿ ಸಾರ್’ ಎನ್ನುತ್ತಾರೆ. ಹಳೆಯ ಕಾರ್ಬುರೇಟರ್ ಕಾರುಗಳ ಕಾಲಕ್ಕೆ ಆ ಮಾತು ಸರಿಯಿತ್ತು. ಈಗಿನ ಎಂಜಿನ್‌ಗಳಲ್ಲಿ ಬೇರಿಂಗ್‌ಗಳ ನಡುವಿನ ಸಂದು ತೀರಾ ಕಿರಿದು, ಆಯಿಲ್ ಹರಿಯುವ ದಾರಿಗಳೂ ಸಣ್ಣವು. ವಾಲ್ವ್ ತೆರೆಯುವ ಸಮಯ ಹಿಂದೆಮುಂದೆ ಮಾಡುವ ವಿವಿಟಿ ವ್ಯವಸ್ಥೆ ಕೆಲಸ ಮಾಡುವುದೂ ಆಯಿಲ್ ಒತ್ತಡದಿಂದಲೇ. ದಪ್ಪ ಆಯಿಲ್ ಅಲ್ಲಿಗೆಲ್ಲ ತಡವಾಗಿ ತಲುಪುತ್ತದೆ. ಡಬ್ಲ್ಯೂ ಹಿಂದಿನ ಸಂಖ್ಯೆ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಆಯಿಲ್ ಹರಿಯುವ ಗುಣದ್ದು, ನಂತರದ್ದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ದಪ್ಪದ್ದು. ‘ನಮ್ಮಲ್ಲಿ ಹಿಮ ಎಲ್ಲಿ ಬೀಳುತ್ತದೆ’ ಎಂದು ಕೇಳುವವರಿದ್ದಾರೆ. ಆದರೆ 100 ಡಿಗ್ರಿಯ ಆಸುಪಾಸಿನಲ್ಲಿ ಕೆಲಸ ಮಾಡುವ ಆಯಿಲ್‌ಗೆ ರಾಯಚೂರಿನ ಬೇಸಿಗೆಯ ಮುಂಜಾವೂ ಚಳಿಯೇ. ಎಂಜಿನ್ ಹೆಚ್ಚು ಸವೆಯುವುದು ಸ್ಟಾರ್ಟ್ ಆದ ಆ ಮೊದಲ ಹೊತ್ತಿನಲ್ಲಿ.

ಬೈಕಿನ ಆಯಿಲ್ ಉಳಿದಿದೆ ಎಂದು ಕಾರಿಗೆ ಸುರಿಯುವಂತಿಲ್ಲ. ಬೈಕ್‌ನ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವುದರಿಂದ ಜಾರದಿರಲಿ ಎಂದು ಆ ಆಯಿಲನ್ನು ಬೇರೆ ಥರ ಮಾಡಿರುತ್ತಾರೆ. ಅದೇ ಕಾರಣಕ್ಕೆ ಕಾರಿನ ಆಯಿಲ್ ಬೈಕಿಗೂ ಆಗದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಅವಕ್ಕೆ ಬೂದಿ ಕಡಿಮೆ ಬಿಡುವ, ಕೈಪಿಡಿ ಹೇಳಿದ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ಸಿ ದರ್ಜೆಯ ಆಯಿಲ್ಲೇ ಬೇಕು. ಬೇರೆ ಹಾಕಿದರೆ ಡಿಪಿಎಫ್ ಬೇಗ ಕಟ್ಟಿಕೊಳ್ಳುತ್ತದೆ, ಅದನ್ನು ಬದಲಿಸುವ ಖರ್ಚಿನ ಮುಂದೆ ಆಯಿಲ್‌ನಲ್ಲಿ ಉಳಿಸಿದ್ದು ಏನೂ ಅಲ್ಲ.

ಪ್ರಮಾಣ ಸಣ್ಣ ಪೆಟ್ರೋಲ್ ಕಾರುಗಳಿಗೆ ಫಿಲ್ಟರ್ ಸೇರಿ ಸುಮಾರು 3ರಿಂದ 3.6 ಲೀಟರ್. ಇನ್ನೋವಾದಂಥ ದೊಡ್ಡ ಡೀಸೆಲ್ ಗಾಡಿಗೆ ಇದರ ಎರಡರಷ್ಟಾಗುತ್ತದೆ. ಕೈಪಿಡಿಯಲ್ಲಿ ಫಿಲ್ಟರ್ ಸೇರಿಸಿ ಒಂದು ಅಂಕಿ, ಬಿಟ್ಟು ಒಂದು ಅಂಕಿ ಕೊಟ್ಟಿರುವುದುಂಟು, ಸೇರಿಸಿದ ಅಂಕಿ ಹಿಡಿಯಿರಿ. 3.5 ಲೀಟರ್ ಡಬ್ಬ ಕೊಂಡು ಅಷ್ಟನ್ನೂ ಸುರಿಯುವುದು ತಪ್ಪು. ಡಬ್ಬದ ಅಳತೆಗೂ ನಿಮ್ಮ ಎಂಜಿನ್‌ಗೂ ಸಂಬಂಧ ಇಲ್ಲ.

ನಕಲಿ ಆಯಿಲ್‌ನ ಕಾಟ ನಿಜವಾದದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಒಳ್ಳೆಯ ಅಂಗಡಿಗಳೂ ಇವೆ, ಎಚ್ಚರ ತಪ್ಪಿದರೆ ಮೋಸವೂ ಇದೆ. ಅಧಿಕೃತ ಡೀಲರ್ ಹತ್ತಿರ ಬಿಲ್ ಸಮೇತ ಕೊಳ್ಳಿ. ಮುಚ್ಚಳದ ಸೀಲ್, ಒಳಗಿನ ಹಾಳೆಯ ಸೀಲ್, ತಯಾರಿಕೆಯ ತಿಂಗಳು ನೋಡಿ. ಕ್ಯೂಆರ್ ಕೋಡ್ ಇದ್ದರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ. ಪೇಟೆಗಿಂತ ತೀರಾ ಕಡಿಮೆ ದರ ಹೇಳಿದರೆ ವಾಪಸ್ ಬನ್ನಿ.

ಆಯಿಲ್ ಜೊತೆಗೆ ನಿಮ್ಮ ಮಾಡೆಲ್‌ನ ಅಸಲಿ ಫಿಲ್ಟರ್ ಮತ್ತು ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟ್‌ನ ವಾಷರ್ ತನ್ನಿ. ತಾಮ್ರದ್ದೋ ಅಲ್ಯುಮಿನಿಯಂನದ್ದೋ ಆಗಿರುವ ಈ ವಾಷರ್ ಒಮ್ಮೆ ಬಿಗಿದಾಗ ಜಜ್ಜಿ ಸಂದು ಮುಚ್ಚುತ್ತದೆ, ಎರಡನೇ ಸಲ ಅಷ್ಟು ಚೆನ್ನಾಗಿ ಮುಚ್ಚುವುದಿಲ್ಲ. ಹಳೇ ವಾಷರ್‌ಗೆ ಆಯಿಲ್ ತೊಟ್ಟಿಕ್ಕಿತು ಎಂದು ಇನ್ನಷ್ಟು ಬಿಗಿಯಲು ಹೋಗಿಯೇ ಥ್ರೆಡ್ ಹಾಳಾಗುವುದು.

ಸಾಮಾನು

ಡ್ರೈನ್ ಬೋಲ್ಟ್‌ಗೆ ಸರಿಹೊಂದುವ ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ ಬೇಕು. ಮಾರುತಿ, ಹುಂಡೈ, ಹೋಂಡಾ ಕಾರುಗಳಲ್ಲಿ ಸಾಮಾನ್ಯವಾಗಿ 17 ಎಂಎಂ, ಟೊಯೋಟಾದಲ್ಲಿ 14 ಎಂಎಂ. ಓಪನ್ ಸ್ಪ್ಯಾನರ್, ಹಿಗ್ಗುವ ಸ್ಪ್ಯಾನರ್ ಎರಡೂ ಬೋಲ್ಟ್ ತಲೆಯ ಮೂಲೆ ಸವೆಸುತ್ತವೆ, ಬೇಡ. ಫಿಲ್ಟರ್ ಬಿಚ್ಚಲು ಬೆಲ್ಟ್ ಅಥವಾ ಕಪ್ ಮಾದರಿಯ ರೆಂಚ್, ಐದಾರು ಲೀಟರ್ ಹಿಡಿಯುವ ಅಗಲ ಬಾಯಿಯ ಟಬ್, ಒಂದು ಆಲಿಕೆ, ನೈಟ್ರೈಲ್ ಗ್ಲೌಸ್, ಟಾರ್ಚ್, ಹಳೇ ಹತ್ತಿ ಬಟ್ಟೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಒರೆಸಲು ಮಾತ್ರ ಕಾಟನ್ ವೇಸ್ಟ್ ಬಳಸಬೇಡಿ, ಅದರ ಎಳೆ ಅಂಟಿಕೊಂಡು ಎಂಜಿನ್ ಒಳಗೆ ಹೋಗುತ್ತದೆ. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಮಾಡುವವರು ಕೆಳಗೆ ದೊಡ್ಡ ರಟ್ಟು ಹಾಸಿ, ಪಕ್ಕದಲ್ಲಿ ಒಂದು ಬಕೆಟ್ ಮರದ ಹೊಟ್ಟು ಇಟ್ಟುಕೊಳ್ಳಿ. ಸಿಮೆಂಟ್ ನೆಲಕ್ಕೆ ಬಿದ್ದ ಆಯಿಲ್ ಕಲೆ ಹೋಗುವಂಥದ್ದಲ್ಲ, ಅಸೋಸಿಯೇಷನ್ ಜಗಳವೂ ಅಷ್ಟೇ.

ಕಾರನ್ನು ಎತ್ತುವುದು

ಜೀವಕ್ಕೆ ಅಪಾಯ ಇರುವುದು ಇಲ್ಲಿ ಮಾತ್ರ. ಕಾರಿನ ಜೊತೆ ಬರುವ ಜಾಕ್ ಇರುವುದು ಟೈರ್ ಬದಲಿಸಲಿಕ್ಕೆ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹೋಗಲಿ, ಕೈಯನ್ನೂ ಹಾಕಬಾರದು. ಹೈಡ್ರಾಲಿಕ್ ಜಾಕ್ ಕೂಡ ಎತ್ತಲು ಮಾತ್ರ. ಎತ್ತಿದ ಮೇಲೆ ಕೈಪಿಡಿ ತೋರಿಸಿದ ಜಾಗದಲ್ಲಿ ಎರಡೂ ಬದಿಗೆ ಜಾಕ್ ಸ್ಟ್ಯಾಂಡ್ ಕೊಟ್ಟು, ಕಾರಿನ ಭಾರವನ್ನು ಅವುಗಳ ಮೇಲೆ ಇಳಿಸಬೇಕು. ಇದಕ್ಕಿಂತ ಸಲೀಸು, ಮುಂದಿನ ಎರಡು ಚಕ್ರ ಹತ್ತಿಸುವ ಕಬ್ಬಿಣದ ರ‍್ಯಾಂಪ್. ಎರಡು ಇಂಚು ದಪ್ಪದ ಅಗಲ ಹಲಗೆಗಳನ್ನು ಮೆಟ್ಟಿಲಿನಂತೆ ಜೋಡಿಸಿ ಮೊಳೆ ಹೊಡೆದರೂ ಆಗುತ್ತದೆ. ಹಾಲೋ ಬ್ಲಾಕ್, ಇಟ್ಟಿಗೆ, ಕರಾವಳಿಯ ಕೆಂಪು ಕಲ್ಲು ಇವು ಮಾತ್ರ ಬೇಡವೇ ಬೇಡ. ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಗಟ್ಟಿಯಾದ ಸಮತಟ್ಟು ನೆಲ, ಎಳೆದ ಹ್ಯಾಂಡ್‌ಬ್ರೇಕ್, ಮೊದಲ ಗೇರ್, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ. ಕೀ ನಿಮ್ಮ ಜೇಬಿನಲ್ಲಿರಲಿ. ಕೆಳಗೆ ಹೋಗುವ ಮೊದಲು ಕಾರನ್ನು ಕೈಯಲ್ಲಿ ಜೋರಾಗಿ ಅಲುಗಿಸಿ ನೋಡಿ. ಬೀಳುವುದಿದ್ದರೆ ಆಗಲೇ ಬೀಳಲಿ.

ಹಳೆಯ ಆಯಿಲ್ ಇಳಿಸುವುದು

ಎಂಜಿನ್ ತಣ್ಣಗಿದ್ದರೆ ಆಯಿಲ್ ಗಟ್ಟಿಯಾಗಿ ಮಸಿ ಒಳಗೇ ಉಳಿಯುತ್ತದೆ, ಊರೆಲ್ಲ ಸುತ್ತಿ ಬಂದ ತಕ್ಷಣ ತೆಗೆದರೆ ಕೈ ಬೇಯುತ್ತದೆ. ಐದು ನಿಮಿಷ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಡಿ. ಬಾನೆಟ್ ತೆರೆದು ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಪಕ್ಕಕ್ಕಿಡಿ, ಡಿಪ್‌ಸ್ಟಿಕ್ ಅರ್ಧ ಎಳೆದಿಡಿ. ಮೇಲಿಂದ ಗಾಳಿ ಹೋದರೆ ಕೆಳಗೆ ಆಯಿಲ್ ಗಳಗಳ ಎನ್ನದೆ ಸರಾಗ ಇಳಿಯುತ್ತದೆ.

ಕೆಳಗೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಅದರ ಕ್ಲಿಪ್ ಮತ್ತು 10 ಎಂಎಂ ಬೋಲ್ಟ್ ಬಿಚ್ಚಿ. ಈಗ ಸರಿಯಾದ ಬೋಲ್ಟ್ ಗುರುತಿಸಬೇಕು. ಗೇರ್‌ಬಾಕ್ಸ್‌ಗೂ ಒಂದು ಡ್ರೈನ್ ಬೋಲ್ಟ್ ಇರುತ್ತದೆ, ಗೊತ್ತಿಲ್ಲದೆ ಅದನ್ನು ಬಿಚ್ಚಿ, ಎಂಜಿನ್‌ಗೆ ಎರಡು ಪಟ್ಟು ಆಯಿಲ್ ತುಂಬಿ, ಖಾಲಿ ಗೇರ್‌ಬಾಕ್ಸ್‌ನಲ್ಲಿ ಕಾರು ಓಡಿಸುವುದು ಈ ಕೆಲಸದ ಅತಿ ದುಬಾರಿ ತಪ್ಪು. ನಮ್ಮ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತದೆ. ಸಾಮಾನ್ಯವಾಗಿ ಗೇರ್‌ಬಾಕ್ಸ್ ಎಡಗಡೆ, ಎಂಜಿನ್ ಬಲಗಡೆ. ಮೇಲೆ ಡಿಪ್‌ಸ್ಟಿಕ್ ಇಳಿಯುವ ಜಾಗ ನೋಡಿ, ಅದರ ಕೆಳಗಿನ ಬಾಣಲೆ ಆಕಾರದ ತೊಟ್ಟಿಯೇ ಸಂಪ್. ಬಂದದ್ದು ಕಪ್ಪಾಗಿರದೆ ಜೇನು ಬಣ್ಣದ್ದಿದ್ದು ಗಂಧಕದ ಘಾಟು ಹೊಡೆದರೆ, ಅಥವಾ ಕೆಂಪಗಿದ್ದರೆ, ಕೂಡಲೇ ಬೋಲ್ಟ್ ಹಾಕಿ. ಇಳಿದಷ್ಟನ್ನೂ ಸರಿಯಾದ ಗೇರ್ ಆಯಿಲ್‌ನಿಂದ ತುಂಬಿಸದೆ ಕಾರು ಸ್ಟಾರ್ಟ್ ಮಾಡಬಾರದು.

ಟಬ್ಬನ್ನು ಬೋಲ್ಟ್‌ನ ನೇರ ಕೆಳಗಲ್ಲ, ಅದು ಮುಖ ಮಾಡಿರುವ ದಿಕ್ಕಿಗೆ ಒಂದು ಗೇಣು ಮುಂದಿಡಿ. ಮೊದಲ ಧಾರೆ ಚಿಮ್ಮಿ ದೂರ ಬೀಳುತ್ತದೆ, ಆಯಿಲ್ ಕಡಿಮೆಯಾದಂತೆ ಹತ್ತಿರಕ್ಕೆ ಬರುತ್ತದೆ. ಸ್ಪ್ಯಾನರ್‌ನಲ್ಲಿ ಸಡಿಲ ಮಾಡಿ, ಉಳಿದದ್ದನ್ನು ಕೈಯಲ್ಲಿ, ಬೋಲ್ಟನ್ನು ಒಳಕ್ಕೆ ಒತ್ತಿಕೊಂಡೇ ತಿರುಗಿಸಿ. ಕೊನೆಯ ಸುತ್ತು ಮುಗಿದದ್ದು ಬೆರಳಿಗೆ ತಿಳಿಯುತ್ತದೆ, ಆಗ ಪಕ್ಕಕ್ಕೆ ಸರಕ್ಕನೆ ಎಳೆದುಕೊಳ್ಳಿ. ಹನಿ ಹನಿಯಾಗುವವರೆಗೆ ಹತ್ತು ಹದಿನೈದು ನಿಮಿಷ ಬಿಡಿ. ಒಳಗೆ ಕೊಂಚ ಉಳಿದೇ ಉಳಿಯುತ್ತದೆ. ಅದನ್ನು ತೊಳೆಯಲು ಸೀಮೆಎಣ್ಣೆ, ಡೀಸೆಲ್ ಸುರಿಯುವ ಹಳೇ ಪದ್ಧತಿ ಅನುಸರಿಸಬೇಡಿ. ಉಳಿದ ಸೀಮೆಎಣ್ಣೆ ಹೊಸ ಆಯಿಲನ್ನು ತೆಳು ಮಾಡುತ್ತದೆ, ಎದ್ದ ಮಸಿಯ ಗಡ್ಡೆ ಪಂಪಿನ ಜರಡಿಗೆ ಅಡ್ಡ ಕೂರುತ್ತದೆ. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ ಎಂಜಿನ್‌ಗೆ ಫ್ಲಶ್ ಬೇಕಿಲ್ಲ.

ಈ ಹೊತ್ತಿನಲ್ಲಿ ಹಳೆಯ ಆಯಿಲನ್ನು ಪರೀಕ್ಷಿಸಿ. ಕಪ್ಪಾಗಿರುವುದು ದೋಷವಲ್ಲ. ಡೀಸೆಲ್‌ನಲ್ಲಂತೂ ಹೊಸ ಆಯಿಲ್ಲೂ ಕೆಲವೇ ಕಿಲೋಮೀಟರ್‌ನಲ್ಲಿ ಕಪ್ಪಾಗುತ್ತದೆ, ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ಎಂಜಿನ್ ತಣ್ಣಗಿಡುವ ಕೂಲಂಟ್ ಸೇರಿದೆ, ಅದನ್ನು ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಶಯ, ಮೆಕ್ಯಾನಿಕ್‌ಗೆ ತೋರಿಸದೆ ಓಡಿಸಬೇಡಿ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಚಿಕ್ಕಪುಟ್ಟ ಓಡಾಟವೇ ಹೆಚ್ಚಾಗಿ ಎಂಜಿನ್ ಪೂರ್ತಿ ಬಿಸಿಯಾಗುತ್ತಿಲ್ಲ ಎಂದರ್ಥ, ಅಥವಾ ಇಂಜೆಕ್ಟರ್ ಸೋರುತ್ತಿರಬಹುದು. ಬೆರಳಿಗೆ ಹೊಳೆಯುವ ಲೋಹದ ಚೂರು ಸಿಕ್ಕಿದರೆ ಅದೂ ಮೆಕ್ಯಾನಿಕ್‌ಗೆ ತೋರಿಸಬೇಕಾದ ವಿಷಯ.

ಬೋಲ್ಟ್ ಬಿಗಿಯುವುದು

ಬೋಲ್ಟನ್ನೂ ಸಂಪ್‌ನ ಬಾಯನ್ನೂ ಒರೆಸಿ. ಹಳೇ ವಾಷರ್ ಬೋಲ್ಟ್‌ಗೋ ಸಂಪ್‌ಗೋ ಅಂಟಿಕೊಂಡಿರಬಹುದು, ತೆಗೆದು ಹೊಸದು ಹಾಕಿ. ಮೊದಲ ಮೂರ್ನಾಲ್ಕು ಸುತ್ತು ಬರೀ ಬೆರಳಿನಲ್ಲಿ ಹೋಗಬೇಕು. ಹೋಗದಿದ್ದರೆ ಬೋಲ್ಟ್ ಓರೆಯಾಗಿದೆ, ಬಿಚ್ಚಿ ಮತ್ತೆ ಹಿಡಿಯಿರಿ. ಸ್ಪ್ಯಾನರ್ ಹಾಕಿ ಒತ್ತಾಯ ಮಾಡಿದರೆ ಅಲ್ಯುಮಿನಿಯಂ ಸಂಪ್‌ನ ಥ್ರೆಡ್ ಕೊಚ್ಚಿಹೋಗುತ್ತದೆ.

ಸುಜುಕಿ ಎಂಜಿನ್‌ಗಳಿಗೆ ಹೇಳುವ ಬಿಗಿತ 35 ನ್ಯೂಟನ್ ಮೀಟರ್, ಬೇರೆ ಕಾರುಗಳದ್ದನ್ನು ಅವುಗಳ ಸರ್ವಿಸ್ ಪುಸ್ತಕದಲ್ಲಿ ನೋಡಿ. ಟಾರ್ಕ್ ರೆಂಚ್ ಇದ್ದರೆ ಸರಿ. ಇಲ್ಲದಿದ್ದರೆ ಲೆಕ್ಕ ಹೀಗೆ: 20 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಗೆ ಸುಮಾರು 18 ಕೆ.ಜಿ. ಭಾರ ಬಿದ್ದರೆ 35 ನ್ಯೂಟನ್ ಮೀಟರ್ ಆಗುತ್ತದೆ. ಒಂದು ಕೈಯ ಮೊಣಕೈ ಬಲ ಸಾಕು. ಕಾಲಿನಿಂದ ಒದೆಯುವುದು, ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಉದ್ದ ಮಾಡುವುದು ಇಲ್ಲಿ ಸಲ್ಲ. ಥ್ರೆಡ್ ಹೋದ ಮೇಲೆ ಹೆಲಿಕಾಯಿಲ್ (ತಂತಿ ಸುರುಳಿಯ ಹೊಸ ಥ್ರೆಡ್) ಕೂರಿಸಬೇಕು, ಅಥವಾ ಸಂಪ್ ಪೂರ್ತಿ ಬದಲಿಸಬೇಕು.

ಫಿಲ್ಟರ್

ಟಬ್ಬನ್ನು ಫಿಲ್ಟರ್ ಕೆಳಗೆ ಸರಿಸಿ, ಅದರಲ್ಲೂ ಆಯಿಲ್ ತುಂಬಿರುತ್ತದೆ. ಸೈಲೆನ್ಸರ್ ಪೈಪ್ ಹತ್ತಿರ ಇದ್ದರೆ ಕೈ ಸುಟ್ಟೀತು. ಗ್ಲೌಸ್ ಹಾಕಿದ ಕೈಗೆ ಜಾರಿದರೆ ಫಿಲ್ಟರ್ ಸುತ್ತ ಒರಟು ಮರಳು ಕಾಗದ ಸುತ್ತಿ ತಿರುಗಿಸಿ, ಅದಕ್ಕೂ ಬಗ್ಗದಿದ್ದರೆ ರೆಂಚ್. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಉಪಾಯದಲ್ಲಿ ತಗಡು ಹರಿದು ಬುಡ ಮಾತ್ರ ಎಂಜಿನ್‌ನಲ್ಲಿ ಉಳಿಯುವುದುಂಟು.

ತೆಗೆದ ಫಿಲ್ಟರನ್ನು ತಿರುಗಿಸಿ ಅದರ ರಬ್ಬರ್ ಉಂಗುರ ಬಂದಿದೆಯೇ ನೋಡಿ. ಬಂದಿಲ್ಲದಿದ್ದರೆ ಅದು ಎಂಜಿನ್‌ಗೆ ಅಂಟಿಕೊಂಡಿದೆ. ಅದರ ಮೇಲೇ ಹೊಸ ಫಿಲ್ಟರ್ ಹಾಕಿದರೆ ಉಂಗುರದ ಮೇಲೆ ಉಂಗುರ ಕೂತು, ಸ್ಟಾರ್ಟ್ ಮಾಡಿದ ಕೂಡಲೇ ಅಥವಾ ಹೆದ್ದಾರಿಯಲ್ಲಿ ಒತ್ತಡ ಏರಿದಾಗ ಜಾರಿ, ಕೆಲವೇ ನಿಮಿಷಗಳಲ್ಲಿ ಆಯಿಲ್ ಪೂರ್ತಿ ಹೊರಬರುತ್ತದೆ. ಎಂಜಿನ್ ಸೀಜ್ ಆಗಲು ಅಷ್ಟು ಸಾಕು.

ಹೊಸ ಉಂಗುರಕ್ಕೆ ಹೊಸ ಆಯಿಲ್‌ನಲ್ಲಿ ಅದ್ದಿದ ಬೆರಳು ಸವರಿ. ಫಿಲ್ಟರ್ ಬಾಯಿ ಮೇಲಕ್ಕೆ ಕೂರುವಂಥದ್ದಾದರೆ ಅರ್ಧದಷ್ಟು ಆಯಿಲ್ ತುಂಬಿಸಬಹುದು, ಮಲಗಿಸಿ ಕೂರಿಸುವುದಾದರೆ ಬೇಡ, ಚೆಲ್ಲುತ್ತದೆ. ಉಂಗುರ ಎಂಜಿನ್‌ಗೆ ತಾಗುವವರೆಗೆ ಕೈಯಲ್ಲಿ ತಿರುಗಿಸಿ, ಅಲ್ಲಿಂದ ಮುಂದೆ ಮುಕ್ಕಾಲು ಸುತ್ತು. ಸುಜುಕಿ ಹೇಳುವ ಅಳತೆ ಇದು, ಬೇರೆಯವಕ್ಕೆ ಫಿಲ್ಟರ್ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಕೆಲವು ಡೀಸೆಲ್ ಕಾರುಗಳಲ್ಲಿ, ಉದಾಹರಣೆಗೆ ಹಳೆಯ ಸ್ವಿಫ್ಟ್ ಡಿಡಿಐಎಸ್‌ನಲ್ಲಿ, ಡಬ್ಬಿಯೊಳಗೆ ಕಾಗದದ ಫಿಲ್ಟರ್ ಮಾತ್ರ ಬದಲಿಸುವುದು. ಅಲ್ಲಿ ಮುಚ್ಚಳದ ಓ-ರಿಂಗ್ ಕೂಡ ಹೊಸದಾಗಬೇಕು.

ತುಂಬುವುದು, ಅಳೆಯುವುದು

ಮೇಲಿಂದ ಸುರಿಯುವ ಮೊದಲು ಡ್ರೈನ್ ಬೋಲ್ಟ್ ಬಿಗಿಯಾಗಿದೆಯೇ ಎಂದು ಇನ್ನೊಮ್ಮೆ ಮುಟ್ಟಿ ನೋಡಿ. ಕಾರನ್ನು ಸಮತಟ್ಟು ನೆಲಕ್ಕೆ ಇಳಿಸಿ. ಕೈಪಿಡಿ 3.1 ಲೀಟರ್ ಎಂದಿದ್ದರೆ ಮೊದಲು 2.7 ಲೀಟರ್ ಮಾತ್ರ ಸುರಿಯಿರಿ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಆಯಿಲ್ ಒತ್ತಡದ ಕೆಂಪು ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತು ಸೆಕೆಂಡ್ ಕಳೆದರೂ ಉರಿಯುತ್ತಿದ್ದರೆ ಆಫ್ ಮಾಡಿ ಕಾರಣ ಹುಡುಕಿ. ಒಂದೆರಡು ನಿಮಿಷ ಓಡಲಿ. ಅಷ್ಟರಲ್ಲಿ ಕಾರಿನ ಕೆಳಗೆ ಹೋಗದೆ, ಪಕ್ಕದಿಂದ ಟಾರ್ಚ್ ಹಿಡಿದು ಬೋಲ್ಟ್ ಮತ್ತು ಫಿಲ್ಟರ್ ಬುಡ ನೋಡಿ.

ಆಫ್ ಮಾಡಿ ಐದು ನಿಮಿಷದ ನಂತರ ಡಿಪ್‌ಸ್ಟಿಕ್ ಒರೆಸಿ, ಪೂರ್ತಿ ಒಳಗಿಳಿಸಿ, ಎಳೆದು ನೋಡಿ. ಎರಡೂ ಮುಖದಲ್ಲಿ ಗುರುತು ಬೇರೆಬೇರೆ ಎತ್ತರ ತೋರಿಸಿದರೆ ಕೆಳಗಿನದ್ದನ್ನು ನಂಬಿ. ಸಣ್ಣ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಹೆಚ್ಚುಕಡಿಮೆ ಒಂದು ಲೀಟರ್ ಅಂತರ ಇರುತ್ತದೆ. ಹಾಗಾಗಿ 100 ಮಿಲಿಯಷ್ಟೇ ಸುರಿದು, ಕಾದು, ಮತ್ತೆ ಅಳೆಯುತ್ತ ಮೇಲಿನ ಗುರುತಿಗೆ ಕೂದಲೆಳೆಯಷ್ಟು ಕೆಳಗೆ ನಿಲ್ಲಿಸಿ.

ಮೇಲಿನ ಗುರುತು ದಾಟಿದರೆ ಸಂಪ್‌ನ ಮೇಲೆ ತಿರುಗುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು ನೊರೆ ಮಾಡುತ್ತದೆ. ಪಂಪ್ ಆ ನೊರೆಯನ್ನು ಎಳೆದು ಬೇರಿಂಗ್‌ಗೆ ಕಳಿಸುತ್ತದೆ, ನೊರೆಗೆ ಭಾರ ಹೊರುವ ಶಕ್ತಿ ಇಲ್ಲ. ಹೆಚ್ಚಾದ ಆಯಿಲ್ ಬ್ರೀದರ್ ಪೈಪ್ ಮೂಲಕ ಗಾಳಿ ಹೋಗುವ ದಾರಿಗೂ ಸೇರುತ್ತದೆ. ಹೆಚ್ಚಾಗಿದ್ದರೆ ಅಂದೇ ತೆಗೆಯಿರಿ, ಡಿಪ್‌ಸ್ಟಿಕ್ ರಂಧ್ರದಿಂದ ತೆಳು ಪೈಪ್ ಇಳಿಸಿ ದೊಡ್ಡ ಸಿರಿಂಜ್‌ನಲ್ಲಿ ಎಳೆದರೆ ಬರುತ್ತದೆ. ಹಾಗೆಂದು ಕೆಳಗಿನ ಗುರುತಿಗಿಂತ ಕೆಳಗೂ ಬಿಡುವಂತಿಲ್ಲ. ಚಾರ್ಮಾಡಿ, ಆಗುಂಬೆಯಂಥ ಘಾಟಿಯ ತಿರುವುಗಳಲ್ಲಿ ಸಂಪ್‌ನ ಆಯಿಲ್ ಒಂದು ಮೂಲೆಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ತಿರುವಿನಲ್ಲಿ ಕೆಂಪು ದೀಪ ಮಿನುಗಿ ಆರಿದರೆ ಅದರ ಅರ್ಥ ಇದೇ.

ಮರುದಿನ ಬೆಳಿಗ್ಗೆ ಕಾರಿನ ಕೆಳಗಿನ ರಟ್ಟಿನಲ್ಲಿ ಹೊಸ ಹನಿ ಇದೆಯೇ ನೋಡಿ. ನೂರು ಕಿಲೋಮೀಟರ್ ಓಡಿದ ಮೇಲೆ ಮಟ್ಟ ಇನ್ನೊಮ್ಮೆ ಅಳೆಯಿರಿ. ಸರ್ವಿಸ್ ನೆನಪಿಸುವ ದೀಪ ಇರುವ ಕಾರಿನಲ್ಲಿ ಅದನ್ನು ರೀಸೆಟ್ ಮಾಡಿ.

ಮತ್ತೆ ಯಾವಾಗ

ಮಾರುತಿಯ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಆದರೆ ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ನಿಂತಲ್ಲೇ ನಿಂತ ಕಾರಿನ ಎಂಜಿನ್ ಓಡುತ್ತಲೇ ಇರುತ್ತದೆ, ಮೀಟರ್ ಮಾತ್ರ ಓಡುವುದಿಲ್ಲ. ದಿನವೂ ಎರಡು ಮೂರು ಕಿಲೋಮೀಟರ್ ಓಡಾಟ, ದೂಳಿನ ಕಚ್ಚಾ ರಸ್ತೆ ಇವನ್ನೂ ಕೈಪಿಡಿಗಳು ಕಠಿಣ ಬಳಕೆ ಎಂದೇ ಪರಿಗಣಿಸಿ ಅವಧಿ ತಗ್ಗಿಸುತ್ತವೆ. ಡಿಪಿಎಫ್ ಇರುವ ಡೀಸೆಲ್ ಕಾರನ್ನು ಊರೊಳಗೇ ಓಡಿಸುವವರು ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡಬೇಕು. ಮಸಿ ಸುಡುವ ಪ್ರಕ್ರಿಯೆ ಅರ್ಧಕ್ಕೇ ನಿಂತು ನಿಂತು ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಅವಧಿಗೆ ಕಾಯದೆ ಬದಲಿಸಿ.

ಹಳೆಯ ಆಯಿಲ್ ಏನು ಮಾಡುವುದು

ಸೆಂಟ್ರಿಂಗ್ ಶೀಟ್‌ಗೆ ಬಳಿಯುವುದು, ಗೆದ್ದಲಿಗೆಂದು ಬೇಲಿಗೂಟಕ್ಕೆ ಹಚ್ಚುವುದು ನಮ್ಮಲ್ಲಿ ರೂಢಿ. ಎಂಜಿನ್‌ನಲ್ಲಿ ಬೆಂದ ಆಯಿಲ್‌ನಲ್ಲಿ ಚರ್ಮಕ್ಕೆ, ಮಣ್ಣಿಗೆ ಕೆಡುಕು ಮಾಡುವ ಪದಾರ್ಥಗಳೂ ಲೋಹದ ಅಂಶವೂ ಇರುತ್ತವೆ. ಗೂಟಕ್ಕೆ ಹಚ್ಚಿದ್ದು ಮಳೆಗೆ ತೊಳೆದು ತೋಟಕ್ಕೇ ಇಳಿಯುತ್ತದೆ. ಚರಂಡಿಗೆ, ಬಾವಿ ಬೋರ್‌ವೆಲ್ ಪಕ್ಕದ ಮಣ್ಣಿಗೆ ಸುರಿಯುವ ಮಾತೇ ಇಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಮರುಸಂಸ್ಕರಣೆಗೆ ಕಳಿಸುವ ಹೊಣೆಯನ್ನು 2024ರ ಏಪ್ರಿಲ್ 1ರಿಂದ ತಯಾರಕರ ಮೇಲೂ ಹೊರಿಸಲಾಗಿದೆ.

ನಿಮ್ಮ ಮಟ್ಟಿಗೆ ಸುಲಭದ ದಾರಿ: ಹೊಸ ಆಯಿಲ್ ಬಂದ ಡಬ್ಬಕ್ಕೇ ಹಳೆಯದನ್ನು ತುಂಬಿ, ಹಳೆಯ ಆಯಿಲನ್ನು ಡ್ರಮ್‌ನಲ್ಲಿ ಸಂಗ್ರಹಿಸಿ ಮರುಸಂಸ್ಕರಣೆಗೆ ಕೊಡುವ ಸರ್ವಿಸ್ ಸೆಂಟರ್ ಅಥವಾ ಗ್ಯಾರೇಜಿಗೆ ಒಪ್ಪಿಸಿ. ನೀರು, ಕೂಲಂಟ್, ಬ್ರೇಕ್ ಆಯಿಲ್ ಬೆರೆಸಬೇಡಿ, ಬೆರೆತದ್ದನ್ನು ಅವರು ತೆಗೆದುಕೊಳ್ಳುವುದಿಲ್ಲ. ಫಿಲ್ಟರನ್ನು ಒಂದು ರಾತ್ರಿ ಟಬ್ ಮೇಲೆ ಬೋರಲು ಹಾಕಿ ಬಸಿದು ಅದರ ಜೊತೆಗೇ ಕೊಡಿ. ಡಬ್ಬ ಖಾಲಿಯಾಗಿ ನಿಮ್ಮ ಕೈಗೇ ಬಂದರೆ ಗುಜರಿಗೆ ಹಾಗೇ ಹಾಕಬೇಡಿ. ಲೇಬಲ್ ಕೆರೆದು, ಚಾಕುವಿನಿಂದ ಡಬ್ಬದ ಹೊಟ್ಟೆ ಸೀಳಿ ಹಾಕಿ. ನಕಲಿ ಆಯಿಲ್ ತುಂಬುವವರು ಹುಡುಕುವುದು ಹರಿಯದ ಅಸಲಿ ಡಬ್ಬಗಳನ್ನೇ.